ಸರೋಜಿನಿ ಆಂಟಿ ಎಳೆದ ಗೆರೆ

ಹೋದ ವರ್ಷದವರೆಗೂ ನಮ್ಮ ಕಡೆ ಒಂದು ವಿಚಿತ್ರ ನಡೆಯುತ್ತಿತ್ತು. ನ್ಯೂಜೆರ್ಸಿಯಲ್ಲಿ ಯಾರಾದರೂ ಹೊಸದಾಗಿ ಮನೆ ಕೊಂಡು, ಗೃಹಪ್ರವೇಶದ ಊಟಕ್ಕೆಂದು ನದಿಯಾಚೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಈಶಣ್ಣನ ಹೋಟೆಲಿಗೆ ಫೋನ್ ಮಾಡಿದರೆ, ಆತ ಮೆನು ಕೇಳುವ ಮೊದಲು ಊರು ಕೇಳುತ್ತಿದ್ದರು. "ಹಿಲ್ಸ್‌ಬರೋನಾ? ಅದು ಲೋಕನಾಥನ ಸೀಮೆ ಸ್ವಾಮಿ, ಅವ್ನನ್ನೇ ಕೇಳ್ಕಳಿ" ಎಂದು ಫೋನ್ ಇಟ್ಟುಬಿಡುತ್ತಿದ್ದರು. ಕ್ವೀನ್ಸ್‌ನವರು ಜೆರ್ಸಿ ಕಡೆಯ ಎಡಿಸನ್‌ನ ಲೋಕನಾಥ ಅಂಕಲ್‌ಗೆ ಫೋನ್ ಮಾಡಿದರೂ ಇದೇ ಕಥೆ. "ಹಡ್ಸನ್ ಹೊಳೆ ದಾಟಿ ನಾನು ಬರ್ಲಿಕ್ಕಿಲ್ಲ ಮಾರಾಯ್ರೆ, ಬೇಜಾರು ಮಾಡ್ಬೇಡಿ." ಹೊಸಬರು ತಮಗೆ ತೋಚಿದ ಕಾರಣ ಕಟ್ಟುತ್ತಿದ್ದರು. ಜಾತಿ ಎಂದರು, ಸಂಘದ ಎಲೆಕ್ಷನ್ ಎಂದರು, ಸೇತುವೆಯ ಟೋಲ್ ಜಾಸ್ತಿ ಎಂದವರೂ ಇದ್ದರು. ನಿಜವಾಗಿ ಇದರ ಹಿಂದೆ ಇದ್ದದ್ದು ೧೯೦೭ರಲ್ಲಿ ಬ್ರಿಟನ್ನಿಗೂ ರಷ್ಯಾಕ್ಕೂ ಆದ ಒಂದು ಒಪ್ಪಂದ, ಮತ್ತು ಅದನ್ನು ಉಡುಪಿಯ ಕಾಲೇಜೊಂದರಲ್ಲಿ ಪಾಠ ಮಾಡಿದ್ದ ಸರೋಜಿನಿ ಆಂಟಿ.

ಆಂಟಿ ಲೋಕನಾಥ ಅಂಕಲ್‌ರ ಹೆಂಡತಿ. ನಾನು ಓದಲು ಬಂದಾಗ ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿದ್ದ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವಳು, ಹೆಸರು ಕಲಾ. ಬಾಡಿಗೆ ಎಂದು ಹೆಸರಿಗೆ ಹೇಳಬೇಕು, ಊಟ ತಿಂಡಿ ಎಲ್ಲ ಕೆಳಗೇ. ಆಮೇಲೆ ಪ್ರಿನ್ಸ್‌ಟನ್‌ನಲ್ಲಿ ಔಷಧಿ ಕಂಪನಿಯ ಕೆಲಸ ಸಿಕ್ಕಿ ಇತ್ತ ಬಂದೆ, ಆದರೆ ಆ ಮನೆಯ ಋಣ ಬಿಡಲಿಲ್ಲ. ಆಂಟಿಯ ಬಗ್ಗೆ ಬರೆಯುವಾಗ ನನ್ನ ಕೈ ಒಂದಿಷ್ಟು ಅವರ ಕಡೆಗೇ ವಾಲುತ್ತದೆ. ವಾಲಲಿ. ಎಲ್ಲರನ್ನೂ ಸಮವಾಗಿ ತೂಗಲು ನಾನೇನು ತಕ್ಕಡಿಯಲ್ಲ.

ಕುಂದಾಪುರದ ಹುಡುಗಿ ಮೈಸೂರಿಗೆ ಹೋಗಿ ಹಿಸ್ಟರಿಯಲ್ಲಿ ಎಂ.ಎ. ಮಾಡಿ ಬಂದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಉಡುಪಿಯಲ್ಲಿ ಪಾಠ ಮಾಡಿದ್ದು ಕೆಲವೇ ವರ್ಷ. ಆದರೆ ಆ ಕೆಲವು ವರ್ಷಗಳನ್ನು ಅವರು ಜೀವನಪೂರ್ತಿ ನೆಂಚಿಕೊಂಡು ಉಂಡರು. ಯುದ್ಧಗಳು ಅವರಿಗೆ ಬೇಡ. ಅವರ ಪ್ರೀತಿಯೆಲ್ಲ ಒಪ್ಪಂದಗಳ ಮೇಲೆ. ಸ್ಪೇನ್ ಮತ್ತು ಪೋರ್ಚುಗಲ್ ಇನ್ನೂ ಕಂಡೇ ಇರದ ಭೂಮಿಯನ್ನು ಸಮುದ್ರದ ನಡುವೆ ಗೆರೆ ಎಳೆದು ಹಂಚಿಕೊಂಡದ್ದನ್ನು ಹೇಳುವಾಗ ಅವರು ಈಗಲೂ ನಗುತ್ತಾರೆ. "ಮದುವೆಗೆ ಮುಂಚೆ ಮಕ್ಕಳಿಗೆ ಜಾಗ ಪಾಲು ಮಾಡಿದ ಹಾಗೆ" ಎನ್ನುತ್ತಾರೆ. ಎಲ್ಲಕ್ಕಿಂತ ಮೆಚ್ಚಿನ ಪಾಠವೆಂದರೆ ೧೯೦೭ರದು. ಕರಿಹಲಗೆಯ ಮೇಲೆ ಪರ್ಷಿಯಾದ ನಕ್ಷೆ ಬರೆಯುವುದು. ಉತ್ತರ ಭಾಗ ರಷ್ಯಾದ ಪ್ರಭಾವವಲಯ, ಆಗ್ನೇಯ ಭಾಗ ಬ್ರಿಟನ್ನಿನದು, ನಡುವಿನದು ತಟಸ್ಥ. ಟಿಬೆಟಿನ ತಂಟೆಗೆ ಇಬ್ಬರೂ ಹೋಗುವಂತಿಲ್ಲ. ಎಷ್ಟೋ ಕಾಲದಿಂದ ಕಚ್ಚಾಡುತ್ತಿದ್ದ ಎರಡು ಸಾಮ್ರಾಜ್ಯಗಳು ಒಂದು ಗುಂಡೂ ಹಾರಿಸದೆ ಮೇಜಿನ ಮುಂದೆ ಕೂತು ಜಗಳ ಮುಗಿಸಿದವು. "ಇನ್ನು ಪರ್ಷಿಯಾದವರಿಗೆ ಸುದ್ದಿ ಗೊತ್ತಾದದ್ದು ಸಹಿ ಬಿದ್ದ ಮೇಲೆ" ಎಂದು ಕೊನೆಗೆ ಒಂದು ಮಾತು ಸೇರಿಸಿ ಪುಸ್ತಕ ಮುಚ್ಚುತ್ತಿದ್ದರಂತೆ.

ಅಮೆರಿಕಕ್ಕೆ ಬಂದಾಗ ಆ ಎಂ.ಎ.ಯನ್ನು ಯಾರೂ ಮೂಸಿಯೂ ನೋಡಲಿಲ್ಲ. ಅಂಕಲ್ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು, ಆಂಟಿ ಕ್ಯಾಷ್ ಕೌಂಟರ್‌ನಲ್ಲಿ ಕೂತರು. ಪಾಠ ಮಾತ್ರ ನಿಲ್ಲಲಿಲ್ಲ. ಅಡಿಗೆಮನೆಯೇ ಕ್ಲಾಸು, ಇದ್ದದ್ದು ಒಬ್ಬಳೇ ವಿದ್ಯಾರ್ಥಿನಿ. ಅವಳೇ ಕೆಂಪಮ್ಮ.

ಕೆಂಪಮ್ಮ ಈಶಣ್ಣನ ಹೆಂಡತಿ, ಮಂಡ್ಯ ಕಡೆಯವಳು. ಈಶಣ್ಣ, ಲೋಕನಾಥ ಅಂಕಲ್ ಇಬ್ಬರೂ ಮೊದಲು ಒಂದೇ ಹೋಟೆಲಿನಲ್ಲಿ ಪಾತ್ರೆ ತೊಳೆದವರು. ದುಡ್ಡು ಕೂಡಿಸಿ ಪಾಲುದಾರರಾಗಿ ಕ್ವೀನ್ಸ್‌ನಲ್ಲಿ ಒಂದು ಪುಟ್ಟ ಹೋಟೆಲು ಹಾಕಿದರು. ಎರಡು ಸಂಸಾರಕ್ಕೆ ಫ್ಲಶಿಂಗ್‌ನ ಅದೇ ಒಂದು ಬಾಡಿಗೆ ಮನೆ, ಒಂದೇ ಒಲೆ. ಸರೋಜಿನಿ ಆಂಟಿ ಕೊಬ್ಬರಿ ಎಣ್ಣೆ ಹಾಕಿದರೆ ಕೆಂಪಮ್ಮ ಮೂಗು ಮುಚ್ಚುತ್ತಿದ್ದಳು. ಕೆಂಪಮ್ಮ ಮುದ್ದೆ ತಿರುವಿದರೆ ಆಂಟಿ, "ಇದನ್ನು ನುಂಗುದಾ ಕೆಂಪಕ್ಕ, ಅಗಿಯುದಾ?" ಎಂದು ಕೇಳುತ್ತಿದ್ದರು. ಹಾಗೆ ಹೇಳಿಕೊಂಡೇ ಇಬ್ಬರೂ ಒಬ್ಬರ ಅಡಿಗೆ ಒಬ್ಬರು ಕಲಿತರು. ಭಾನುವಾರ ಹುರುಳಿಕಾಯಿ ಸೋಸುತ್ತ ಆಂಟಿ ಯುರೋಪಿನ ದೊರೆಗಳ ಕಥೆ ಹೇಳುವುದು, ಕೆಂಪಮ್ಮ "ಆಮ್ಯಾಕೆ ಟೀಚರಮ್ಮ?" ಎಂದು ಹೂಂಗುಟ್ಟುವುದು. ನಾನೂ ಬಾಗಿಲಲ್ಲಿ ಕಾಫಿ ಹಿಡಿದು ಕೇಳಿದ್ದೇನೆ. ನನ್ನ ಕಾಲೇಜಿನ ಒಂದು ಲೆಕ್ಚರೂ ನನಗೆ ನೆನಪಿಲ್ಲ, ಅವು ಇವೆ.

ಆಂಟಿಯ ಮಗಳು ಜ್ಯೋತ್ಸ್ನಾ ಹುಟ್ಟಿದ್ದು ಕಡುಚಳಿಯಲ್ಲಿ. ಊರಿನಿಂದ ಆಂಟಿಯ ಅಮ್ಮ ಬರಲು ವೀಸಾ ಸಿಗಲಿಲ್ಲ. ಬಾಣಂತನ ಮಾಡಿದವಳು ಕೆಂಪಮ್ಮ. ಹೀಟರ್ ಕೆಟ್ಟ ಬಾತ್‌ರೂಮಿನಲ್ಲಿ ಇಡ್ಲಿ ಪಾತ್ರೆಯ ಬಿಸಿನೀರು ಹೊತ್ತು ತಂದು, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆದಳು. ಅವಳಿಗೆ ಮಕ್ಕಳಾಗಿರಲಿಲ್ಲ. ಮಗು ಮಾತು ಕಲಿತಾಗ ಆಂಟಿಯನ್ನು ಅಮ್ಮ ಎಂದಿತು, ಅವಳನ್ನು ಕೆಂಪಮ್ಮ ಎಂದಿತು. ಎರಡರಲ್ಲೂ ಅಮ್ಮ ಇದೆಯಲ್ಲ ಎಂದು ಅವಳು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು.

ಆಮೇಲೆ ಎಡಿಸನ್‌ನಲ್ಲಿ ಎರಡನೆಯ ಹೋಟೆಲು ಬಂತು. ಅದನ್ನು ಎಬ್ಬಿಸಿ ನಿಲ್ಲಿಸಿದವಳು ಕೆಂಪಮ್ಮ. ದಿನಾ ಬೆಳಗ್ಗೆ ಟ್ರೈನ್ ಹಿಡಿದು ಕ್ವೀನ್ಸ್‌ನಿಂದ ಹೋಗುವಳು. ಹೋಟೆಲಿನ ಹಿಂದಿದ್ದ ಅಂಗೈಯಗಲದ ಮಣ್ಣಿನಲ್ಲಿ ದಂಟಿನ ಸೊಪ್ಪು, ಕೀರೆ ಸೊಪ್ಪು ಹಾಕಿದ್ದಳು. ಅವಳ ಬಸ್ಸಾರಿಗೆಂದು ಪ್ರಿನ್ಸ್‌ಟನ್‌ನಿಂದ ಡ್ರೈವ್ ಮಾಡಿ ಬರುವವರಿದ್ದರು. ಇಂಗ್ಲಿಷ್ ಬಾರದ ಅವಳು ಅಲ್ಲಿಯ ಗುಜರಾತಿ ಹೆಂಗಸರ ಜೊತೆ ಅದು ಯಾವ ಭಾಷೆಯಲ್ಲಿ ಹರಟುತ್ತಿದ್ದಳೋ ದೇವರಿಗೇ ಗೊತ್ತು. ಅವಳು ಅಷ್ಟು ಗೆಲುವಾಗಿ ಇದ್ದದ್ದನ್ನು ನಾನು ಆಮೇಲೆ ನೋಡಲಿಲ್ಲ.

ಎರಡು ಹೋಟೆಲಾದ ಮೇಲೆ ಗಂಡಸರಿಗೆ ತಲೆ ತಿರುಗಿತು. ಮದುವೆ, ಮುಂಜಿ, ನಾಮಕರಣದ ಊಟದ ಆರ್ಡರುಗಳನ್ನು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಹಿಡಿಯತೊಡಗಿದ್ದೇ ಎತ್ತು ಏರಿಗೆ, ಕೋಣ ನೀರಿಗೆ. ಒಂದು ನಾಮಕರಣಕ್ಕೆ ಅಪ್ಪನ ಕಡೆಯವರು ಈಶಣ್ಣನಿಗೆ ಹೇಳಿದ್ದಾರೆ, ಅಮ್ಮನ ಕಡೆಯವರು ಅಂಕಲ್‌ಗೆ. ಇಬ್ಬರೂ ವ್ಯಾನು ತುಂಬಿಕೊಂಡು ಒಂದೇ ಬಾಗಿಲಿಗೆ ಬಂದು ನಿಂತರು. ಸಾಂಬಾರಿಗೆ ಬೆಲ್ಲ ಹಾಕುವವರು ಅಡಿಗೆಯವರೇ ಅಲ್ಲ ಎಂದು ಈಶಣ್ಣ, ಬೆಲ್ಲ ಹಾಕದವರು ಮನುಷ್ಯರೇ ಅಲ್ಲ ಎಂದು ಅಂಕಲ್. ತೊಟ್ಟಿಲಲ್ಲಿದ್ದ ಮಗು ಕಿರುಚಿಕೊಂಡಿತು. ಅಲ್ಲಿಂದ ಮುಂದೆ ಒಬ್ಬರ ರೇಟು ಒಬ್ಬರು ಮುರಿಯುವುದು, ಒಬ್ಬರ ಅಡಿಗೆಯವನನ್ನು ಒಬ್ಬರು ಹಾರಿಸಿಕೊಂಡು ಹೋಗುವುದು. ಒಂದೇ ಮನೆಯಲ್ಲಿದ್ದುಕೊಂಡು, ಒಂದೇ ಬಚ್ಚಲಿಗೆ ಸರದಿ ನಿಂತುಕೊಂಡು ಇದೆಲ್ಲ. ಎರಡು ಹೋಟೆಲೂ ಮುಳುಗುವ ಹಾಗಾಯಿತು.

ಆಗ ಆಂಟಿ ತಮ್ಮ ವಿದ್ಯೆ ತೆಗೆದರು. ಇಬ್ಬರನ್ನೂ ಫ್ಲಶಿಂಗ್‌ನ ಗಣೇಶನ ಗುಡಿಗೆ ಎಳೆದುಕೊಂಡು ಹೋದರು. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಕರೆದಿದ್ದರು. ಕ್ಯಾಂಟೀನಿನ ಉದ್ದ ಮೇಜಿನ ಒಂದು ತುದಿಗೆ ಅಂಕಲ್, ಇನ್ನೊಂದು ತುದಿಗೆ ಈಶಣ್ಣ, ನಡುವೆ ಆಂಟಿ. ಪೇಪರ್ ತಟ್ಟೆಯ ಮೇಲಿದ್ದ ದೋಸೆಯೇ ನಕ್ಷೆ. ಅದರ ನಟ್ಟನಡುವೆ ಚಮಚದಿಂದ ಗೆರೆ ಎಳೆದು, "ಇದು ಹಡ್ಸನ್" ಎಂದರು. ಪೂರ್ವಕ್ಕೆ ಕ್ವೀನ್ಸ್, ಬ್ರೂಕ್ಲಿನ್, ಲಾಂಗ್ ಐಲ್ಯಾಂಡ್, ಎಲ್ಲ ಈಶಣ್ಣನಿಗೆ, ಕ್ವೀನ್ಸ್ ಹೋಟೆಲೂ ಸೇರಿ. ಪಶ್ಚಿಮಕ್ಕೆ ನ್ಯೂಜೆರ್ಸಿ ಪೂರ್ತಿ ಲೋಕನಾಥ ಅಂಕಲ್‌ಗೆ, ಎಡಿಸನ್ ಹೋಟೆಲೂ ಸೇರಿ. ಮ್ಯಾನ್‌ಹಟನ್ ತಟಸ್ಥ, ಯಾರು ಬೇಕಾದರೂ ಮಾಡಬಹುದು.

"ಸ್ಟೇಟನ್ ಐಲ್ಯಾಂಡು?" ಎಂದರು ಈಶಣ್ಣ. "ಅದು ನದಿಯಿಂದಾಚೆ ಇದ್ರೂ ನ್ಯೂಯಾರ್ಕೇ ಕಣಕ್ಕ. ನಂಗೇ ಬರ್ಬೇಕು."

"ಅದು ಟಿಬೆಟ್. ಇಬ್ರೂ ಹೋಗ್ಲಿಕ್ಕಿಲ್ಲ" ಎಂದರು ಆಂಟಿ.

ಅಂದಿನಿಂದ ಇಂದಿನವರೆಗೆ ಸ್ಟೇಟನ್ ಐಲ್ಯಾಂಡಿನ ಕನ್ನಡಿಗರು ಈ ಇಬ್ಬರ ಇಡ್ಲಿಯ ಮುಖ ಕಂಡಿಲ್ಲ. ಪಾಪ, ಅವರಿಗೆ ಯಾಕೆಂದೂ ಗೊತ್ತಿಲ್ಲ.

ಕಾಗದ ಪತ್ರ ಏನೂ ಇಲ್ಲ. ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟುಕೊಂಡರು, ದೇವರಿಗೆ ಕೈಮುಗಿದರು, ಮುಗಿಯಿತು. ವೀಳ್ಯ ಕೊಟ್ಟು ಆಡಿದ ಮಾತೆಂದರೆ ಅವರಿಬ್ಬರಿಗೂ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಆಂಟಿಯ ಮುಖದಲ್ಲಿ ಅವತ್ತು ಇದ್ದ ಖುಷಿ ನನಗೆ ನೆನಪಿದೆ. ಇಷ್ಟು ವರ್ಷ ಕ್ಯಾಷ್ ಕೌಂಟರ್‌ನಲ್ಲಿ ಚಿಲ್ಲರೆ ಎಣಿಸಿದ್ದಕ್ಕೆ ಕೊನೆಗೂ ಎಂ.ಎ. ಕೆಲಸಕ್ಕೆ ಬಂದಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ಒಪ್ಪಂದದ ಪ್ರಕಾರ ಸರೋಜಿನಿ ಆಂಟಿ ಮಗಳನ್ನು ಕರೆದುಕೊಂಡು ನದಿ ದಾಟಿ ಜೆರ್ಸಿಗೆ ಹೋದರು, ಕೆಂಪಮ್ಮ ಎಡಿಸನ್ ಬಿಟ್ಟು ಕ್ವೀನ್ಸ್‌ನ ಹೋಟೆಲಿಗೆ ಬಂದಳು. ಗಂಡಸರ ಜಗಳ ನಿಜಕ್ಕೂ ನಿಂತಿತು. ಎರಡು ಹೋಟೆಲೂ ಬೆಳೆದವು, ಆಂಟಿ ಹಿಲ್ಸ್‌ಬರೋದಲ್ಲಿ ದೊಡ್ಡ ಮನೆ ಕೊಂಡರು. ಆದರೆ ಜಗಳದ ಜೊತೆಗೆ ಮಾತೂ ನಿಂತಿತು. ಮೊದಮೊದಲು ಆಂಟಿ ಫೋನ್ ಮಾಡುತ್ತಿದ್ದರು. ಕೆಂಪಮ್ಮ "ಒಲೆ ಮೇಲೆ ಇಟ್ಟಿವ್ನಿ ಕಣವ್ವ, ಆಮ್ಯಾಕೆ ಮಾಡ್ತೀನಿ" ಎನ್ನುವಳು, ಮಾಡುತ್ತಿರಲಿಲ್ಲ. ಆಮೇಲೆ ಹಬ್ಬಕ್ಕೆ ಒಮ್ಮೆ, ಆಮೇಲೆ ಅದೂ ಇಲ್ಲ. ಗಂಡಂದಿರ ಜಗಳದಿಂದ ಅವಳಿಗೆ ಬೇಜಾರಾಗಿದೆ, ಒಂದು ದಿನ ಸರಿಹೋಗುತ್ತದೆ ಎಂದು ಆಂಟಿ ಹೇಳಿಕೊಂಡರು. ಆ ಒಂದು ದಿನ ಬರುವಷ್ಟರಲ್ಲಿ ಜ್ಯೋತ್ಸ್ನಾ ಮದುವೆಯ ವಯಸ್ಸಿಗೆ ಬಂದಿದ್ದಳು.

ಹುಡುಗ ಕಶ್ಯಪ್, ಲಾಂಗ್ ಐಲ್ಯಾಂಡಿನವನು. ಅವನ ಅಜ್ಜಿ ವೀಲ್‌ಚೇರಿನಲ್ಲಿದ್ದಾರೆ, ದೂರ ಬರಲಾರರು, ಅದಕ್ಕೆ ಕ್ವೀನ್ಸ್‌ನಲ್ಲೇ ಒಂದು ಹಾಲ್ ಆಗಲಿ ಎಂದು ಬೀಗರು ಕೇಳಿಕೊಂಡರು. ಆಂಟಿ ಹೂಂ ಎಂದುಬಿಟ್ಟರು. ರಾತ್ರಿ ಊಟಕ್ಕೆ ಕೂತಾಗ ಲೋಕನಾಥ ಅಂಕಲ್ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು.

"ಕ್ವೀನ್ಸ್ ಅಂದ್ರೆ ಅವನ ಸೀಮೆ ಅಲ್ವಾ?"

ಸಾವಿರಾರು ಮದುವೆಗೆ ಅಡಿಗೆ ಮಾಡಿದ ಮನುಷ್ಯ ತನ್ನ ಒಬ್ಬಳೇ ಮಗಳ ಮದುವೆಗೆ ಸೌಟು ಹಿಡಿಯುವಂತಿಲ್ಲ. ಜ್ಯೋತ್ಸ್ನಾ, "ಪಪ್ಪಾ, ದಿಸ್ ಈಸ್ ಕ್ರೇಜಿ. ಜಸ್ಟ್ ಕುಕ್!" ಎಂದಳು. ನಾನೂ ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಕೇಳಲಿಲ್ಲ. "ವೀಳ್ಯ ಕೊಟ್ಟ ಮಾತು. ನನ್ನ ಮಗಳು ಅಂತ ನಾನೇ ಮುರಿದ್ರೆ, ನಾಳೆ ಅವನ ಮುಖ ಹೇಗೆ ನೋಡುದು?" ಇಷ್ಟು ವರ್ಷ ನೋಡದ ಮುಖವನ್ನು ನಾಳೆ ಹೇಗೆ ನೋಡುವುದೆಂಬ ಚಿಂತೆ! ಹಾಗಾದರೆ ತಟಸ್ಥವಾದ ಮ್ಯಾನ್‌ಹಟನ್‌ನಲ್ಲೇ ಮದುವೆ ಮಾಡೋಣ ಎಂದು ಒಂದು ಹಾಲ್ ವಿಚಾರಿಸಿದರು. ಬಾಡಿಗೆ ಕೇಳಿದ ಮೇಲೆ ಆ ಮಾತು ಮತ್ತೆ ಎತ್ತಲಿಲ್ಲ.

ಉಳಿದದ್ದು ಒಂದೇ ದಾರಿ. ಈಶಣ್ಣನಿಗೇ ಅಡಿಗೆ ಒಪ್ಪಿಸುವುದು. ನಮ್ಮ ಹಳೆಯ ಪದ್ಧತಿಯಲ್ಲಿ ಮದುವೆ ಅಡಿಗೆಯವರನ್ನು ಫೋನಿನಲ್ಲಿ ಬುಕ್ ಮಾಡುವುದಿಲ್ಲ. ಮನೆಯವರು ಹೋಗಿ ತಟ್ಟೆಯಲ್ಲಿ ವೀಳ್ಯ ಇಟ್ಟು ಕರೆಯಬೇಕು, ಅಡಿಗೆಯವರು ಅದನ್ನು ಬೇಡವೆನ್ನುವ ಹಾಗಿಲ್ಲ. ಅಂಕಲ್ ಅದಕ್ಕೆ ಒಪ್ಪಿದರು, ಆದರೆ ತಾನು ಬರುವುದಿಲ್ಲ ಎಂದರು. "ನಾನು ಹೋಗಿ ಅವನ ಮುಂದೆ ತಟ್ಟೆ ಹಿಡಿದು ನಿಲ್ಲುದಾ? ಆಗುದಿಲ್ಲ. ನೀನೇ ಹೋಗು."

ಆಂಟಿ ನನ್ನ ಕಾರಿನಲ್ಲಿ ಹೊರಟರು. ಮಡಿಲಲ್ಲಿ ಬೆಳ್ಳಿ ತಟ್ಟೆ, ಅದರಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮ. ದಾರಿಯುದ್ದಕ್ಕೂ ಫ್ಲಶಿಂಗ್‌ನ ಆ ಮನೆಯ ಮಾತೇ. ನಲ್ಲಿ ತಿರುಗಿಸಿದರೆ ಹುಲಿಯ ಹಾಗೆ ಕೂಗುತ್ತಿತ್ತಲ್ಲ, ನೆನಪುಂಟಾ? ಕೆಂಪಕ್ಕ ಹಪ್ಪಳ ಒಣಹಾಕಲು ಫೈರ್ ಎಸ್ಕೇಪ್ ಮೇಲೆ ಸೀರೆ ಹಾಸಿ, ಕೆಳಗಿನ ಮನೆಯ ಚೀನೀ ಅಜ್ಜಿ ಹತ್ತಿರ ಬೈಸಿಕೊಂಡು, ಆಮೇಲೆ ಆ ಅಜ್ಜಿಗೇ ಹಪ್ಪಳ ಕೊಟ್ಟು ಬಂದದ್ದು ನೆನಪುಂಟಾ? ಹೇಳುತ್ತ ಹೇಳುತ್ತ ನನ್ನ ಕಡೆ ತಿರುಗಿದರು.

"ನೋಡು ಕಲಾ, ಅಡಿಗೆ ಯಾರು ಬೇಕಾದ್ರೂ ಮಾಡ್ಲಿ, ಹಾಳಾಗ್ಲಿ. ಧಾರೆ ಎರೆಯುವಾಗ ಕೆಂಪಕ್ಕ ನನ್ನ ಪಕ್ಕದಲ್ಲಿ ಇರ್ಬೇಕು. ಅವಳು ಮುಟ್ಟದೆ ಆ ಹುಡುಗಿಯ ಮದುವೆ ಮದುವೆಯೇ ಅಲ್ಲ. ನಾನು ಈ ತಟ್ಟೆ ಹಿಡ್ಕೊಂಡು ಹೋಗ್ತಾ ಇರುದು ಅದಕ್ಕೇ."

ಮಂಗಳವಾರ ಈಶಣ್ಣನ ಹೋಟೆಲಿಗೆ ರಜೆ. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿಟ್ಟಿದ್ದರು. ಈಶಣ್ಣನಿಗೆ ನಾನು ಮೊದಲೇ ತಿಳಿಸಿದ್ದೆ. ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. "ಬಾರಕ್ಕ" ಎಂದರು. ಲೋಕನಾಥನ ಮಗಳ ಮದುವೆ ಊಟ ತನ್ನ ಕೈಯಲ್ಲಿ ಆಗುವುದೆಂದರೆ ಅವರಿಗೆ ಗೆದ್ದ ಹಾಗೆ. ಆದರೆ ಗೆದ್ದವರ ಮುಖ ಅದಲ್ಲ. ಆಂಟಿ ತಟ್ಟೆ ಮುಂದೆ ಹಿಡಿದರು, ಆತ ಎರಡೂ ಕೈ ಚಾಚಿದರು.

"ತಡಿ ಟೀಚರಮ್ಮ."

ಅಡಿಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ಕೆಂಪಮ್ಮ ನಿಂತಿದ್ದಳು. ಸಣ್ಣಗಾಗಿದ್ದಳು. ಕಣ್ಣು ಮಾತ್ರ ಹಾಗೇ ಇತ್ತು.

"ವೀಳ್ಯ ಯಾರ್ಗೆ ಕೊಡ್ತಿದೀಯೆ?"

"ಅಡಿಗೆಗೆ ಹೇಳ್ಲಿಕ್ಕೆ ಬಂದೆ ಕೆಂಪಕ್ಕ. ಜ್ಯೋತ್ಸ್ನಾನ ಮದುವೆ..."

"ಅಡಿಗೆ ಮಾಡೋಳು ಯಾರು? ಇಷ್ಟು ವರ್ಸ ಈ ಒಲೆ ಮುಂದೆ ನಿಂತೋಳು ನಾನು. ವೀಳ್ಯ ಮಾತ್ರ ಆಯಪ್ಪಂಗಾ?"

ಈಶಣ್ಣ ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಜುಬ್ಬಾದ ಜೇಬಿಗೆ ಹಾಕಿಕೊಂಡರು.

ಕೆಂಪಮ್ಮ ಒಂದು ಕುರ್ಚಿ ಇಳಿಸಿಕೊಂಡು ಕೂತಳು. "ಅವತ್ತು ಗುಡೀಲಿ ನೀವೆಲ್ಲ ದ್ವಾಸೆ ತಿಂತಾ ಊರು ಹಂಚ್ಕಂಡ್ರಲ್ಲ. ನಾನೆಲ್ಲಿದ್ದೆ ಗೊತ್ತಾ? ಎಡಿಸನ್ನಾಗೆ ಅಂಗ್ಡಿ ಸಾರಿಸ್ತಿದ್ದೆ. ಸಾಯಂಕಾಲ ಇವ್ರು ಬಂದು, ನಾಳಿಂದ ಈ ಅಂಗ್ಡಿ ನಮ್ದಲ್ಲ ಅಂದ್ರು. ನಾನು ಕಟ್ಟಿದ ಅಂಗ್ಡಿ! ನನ್ನ ಸೊಪ್ಪಿನ್ನೂ ಮೊಣಕಾಲುದ್ದ ಇತ್ತು. ಮಗೂನೂ ನಿಂಜೊತೆ ಹೊಂಟೋಯ್ತು. ಬ್ಯಾಡ, ಮಗು ನಿಂದು. ನಿನ್ನ ಮಗು ನೀನು ಕರ್ಕೊಂಡೋದೆ. ಆದ್ರೆ ಒಂದು ಮಾತು ಕೇಳುದ್ಯಾ ನನ್ನ?"

ಆಂಟಿ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಹುಳ್ಳಿಕಾಯಿ ಸೋಸ್ತಾ ನೀನೇ ಹೇಳ್ತಿದ್ದಲ್ಲ, ಅದ್ಯಾವ್ದೋ ದೇಸ. ರತ್ನಗಂಬಳಿ ದೇಸ. ದೊಡ್ಡೋರಿಬ್ರು ಗೆರೆ ಎಳ್ಕಂಡ್ರು, ಅಲ್ಲಿರೋರ್ನ ಯಾರೂ ಕೇಳ್ನಿಲ್ಲ ಅಂತ. ನಾನು ಅಯ್ಯೋ ಪಾಪ ಅಂತಿದ್ದೆ. ಆಮ್ಯಾಕೆ ಗೊತ್ತಾಯ್ತು, ಆ ದೇಸ ನಾನೇ ಅಂತ. ಗಂಡಸ್ರು ಕೇಳ್ನಿಲ್ಲ ಸರಿ, ಅವ್ರ ಹಣೇಬರಾನೇ ಅಷ್ಟು. ನೀನ್ ಕೇಳ್ಬೇಕಿತ್ತು ಕಣೆ ಸರೋಜಾ."

ಟೀಚರಮ್ಮ ಹೋಗಿ ಸರೋಜಾ ಆಗಿತ್ತು. ಆಂಟಿಯ ಕೈಯಲ್ಲಿದ್ದ ತಟ್ಟೆ ವಾಲಿ ಅಡಿಕೆ ಕೆಳಗುರುಳಿತು. ನಾನು ಬಗ್ಗಿ ಹೆಕ್ಕಿದೆ. ಅವತ್ತು ಕ್ಯಾಂಟೀನಿನಲ್ಲಿ ಚಪ್ಪಾಳೆ ತಟ್ಟಿದವಳು ನಾನೂ ಹೌದು, ನನಗೂ ಅವಳ ನೆನಪಾಗಿರಲಿಲ್ಲ. ಕ್ಲಾಸಿನ ಕೊನೆಯಲ್ಲಿ ಹೇಳಿ ಪುಸ್ತಕ ಮುಚ್ಚುತ್ತಿದ್ದ ಆ ಒಂದು ಮಾತು ತನ್ನ ಮನೆಯೊಳಗೇ ನಡೆದುಹೋದದ್ದು ಅಷ್ಟು ಓದಿದ ಹೆಂಗಸಿಗೆ ಕಾಣಲಿಲ್ಲ ಎಂದರೆ ಯಾರನ್ನು ಬೈಯುವುದು? ಆಂಟಿ "ತಪ್ಪಾಯ್ತು" ಎಂದರು. ಮತ್ತೆ ಅದನ್ನೇ ಹೇಳಿದರು. ಅತ್ತರು. ಕೆಂಪಮ್ಮ ಅಳಲಿಲ್ಲ. ಅಳುವವರನ್ನು ತಡೆಯಲೂ ಇಲ್ಲ.

ಅವರು ಮುಗಿಸಿದ ಮೇಲೆ ಕೆಂಪಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡು ಎರಡೂ ಕೈ ಚಾಚಿದಳು. "ಕೊಡು. ಮದ್ವೆ ಅಡಿಗೆ ನಂದು. ಆ ಗಂಡಸ್ರಿಬ್ರೂ ಬಂದು ನಾನೇಳ್ದಂಗೆ ತರಕಾರಿ ಹೆಚ್ಲಿ."

ಆಂಟಿ ಅವಳಿಗೆ ವೀಳ್ಯ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದರು.

ಮನೆಗೆ ಬಂದು ಹೇಳಿದಾಗ ಲೋಕನಾಥ ಅಂಕಲ್ ಬಹಳ ಹೊತ್ತು ಟೀವಿ ನೋಡುತ್ತಿದ್ದರು. ಟೀವಿ ಆಫ್ ಆಗಿತ್ತು. ಕೊನೆಗೆ ತಿರುಗಿ, "ಕೆಂಪಕ್ಕ ಅವತ್ತು ನಮ್ಮ ಒಪ್ಪಂದದಲ್ಲಿ ಇರ್ಲಿಲ್ಲ ಅಲ್ವಾ? ಹಾಗಾದ್ರೆ ಅವಳಿಗೆ ಗಡಿಯೂ ಇಲ್ಲ. ಅವಳು ಕರೆದ ಕಡೆ ನಾನು ಕೆಲಸಕ್ಕೆ ಹೋದ್ರೆ ಮಾತು ಮುರಿದ ಹಾಗೂ ಅಲ್ಲ" ಎಂದರು. ಇಂಥ ಸಂದು ಲಂಡನ್ನಿನ ವಕೀಲರಿಗೂ ಹೊಳೆಯುತ್ತಿತ್ತೋ ಇಲ್ಲವೋ. ಕೂಡಲೇ ಕಪಾಟಿನಿಂದ ತಮ್ಮ ಹಳೆಯ ಈಳಿಗೆಮಣೆ ತೆಗೆದು ಒರೆಸಲು ಕೂತರು.

ಮದುವೆಯ ಬೆಳಗ್ಗೆ ಹಾಲ್‌ನ ಅಡಿಗೆಮನೆಗೆ ಇಣುಕಿದ್ದೆ. ಎರಡು ಊರಿನ ದೊರೆಗಳು ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಒಂದೇ ಮೇಜಿನಲ್ಲಿ ಬೂದುಗುಂಬಳ ಹೆಚ್ಚುತ್ತಿದ್ದರು. ಮೊದಲ ಎರಡು ಕಾಯಿ ಮುಗಿಯುವವರೆಗೆ ಮಾತಿಲ್ಲ. ಆಮೇಲೆ ಈಶಣ್ಣ ಕುಂಬಳದ ಮೇಲೇ ಕಣ್ಣಿಟ್ಟುಕೊಂಡು, "ಮಂಡಿ ನೋವು ಹೆಂಗಯ್ತೆ?" ಎಂದರು. ಅಂಕಲ್, "ನಿನಗೆ ಯಾರು ಹೇಳಿದ್ದು ಮಾರಾಯ ನನಗೆ ಮಂಡಿ ನೋವು ಅಂತ?" ಎಂದರು. "ಎಲ್ಲಾ ಗೊತ್ತಾಗ್ತದೆ ಬುಡು." ಸಾಂಬಾರಿಗೆ ಬೆಲ್ಲ ಹಾಕಬೇಕೇ ಎಂದು ಇಬ್ಬರೂ ಒಟ್ಟಿಗೆ ಕೆಂಪಮ್ಮನ ಮುಖ ನೋಡಿದರು. ಅವಳು, "ಹೆಚ್ಚಾಕೆ ಕರ್ಸಿರಾದು, ಕೇಳಾಕಲ್ಲ" ಎಂದಳು. ಹಾಕಿದಳೋ ಇಲ್ಲವೋ ನನಗೂ ಗೊತ್ತಾಗಲಿಲ್ಲ, ಸಾಂಬಾರು ಮಾತ್ರ ಹಾಗೆ ನಾನು ಉಂಡದ್ದಿಲ್ಲ.

ಮುಹೂರ್ತ ಹತ್ತಿರ ಬಂದಾಗ ಆಂಟಿ ಮಂಟಪದಿಂದ ಇಳಿದು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಅಡಿಗೆಮನೆಗೆ ಬಂದರು. ಕೈಯಲ್ಲಿ ಕೆಂಪಮ್ಮನಿಗೆಂದು ತಂದ ಸೀರೆ.

"ಉಟ್ಕೊಂಡು ಬಾ ಕೆಂಪಕ್ಕ. ನನ್ನ ಪಕ್ಕದಲ್ಲಿ ನಿಲ್ಬೇಕು ನೀನು. ಮೊದಲ ಹಾಲು ನೀನು ಹುಯ್ಯಬೇಕು."

ಕೆಂಪಮ್ಮ ಅನ್ನದ ಹಂಡೆಯ ಮುಂದಿದ್ದಳು. ಆವಿಯಲ್ಲಿ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. "ನಾನು ವೀಳ್ಯ ತಗಂಡಿವ್ನಿ ಕಣವ್ವ. ಅನ್ನ ಬಿಟ್ಟು ಬರಾಕಾಗಲ್ಲ."

"ಬೇರೆಯವರು ನೋಡ್ಕೊಳ್ತಾರೆ ಮಾರಾಯ್ತಿ. ಒಂದು ಗಳಿಗೆ."

"ನೋಡ್ಕತಾರೆ. ಆದ್ರೂ ಬರಲ್ಲ. ಈ ಸಲ ನಾನು ಎಲ್ಲಿರ್ಬೇಕು ಅಂತ ನಾನೇ ಹೇಳ್ತೀನಿ."

ಆಂಟಿ ಒತ್ತಾಯ ಮಾಡಲಿಲ್ಲ. ಸೀರೆಯನ್ನು ಮೆಲ್ಲಗೆ ಕಪಾಟಿನ ಮೇಲಿಟ್ಟು ತಿರುಗಿ ಹೋದರು. ಧಾರೆ ಎರೆಯುವಾಗ ಅವರ ಬಲಗಡೆ ಒಬ್ಬರು ನಿಲ್ಲುವಷ್ಟು ಜಾಗ ಹಾಗೇ ಖಾಲಿ ಇತ್ತು. ಫೋಟೋಗ್ರಾಫರ್ "ಆಂಟಿ, ಮೂವ್ ಇನ್" ಎಂದು ಕೈಸನ್ನೆ ಮಾಡಿದ. ಅವರು ಸರಿಯಲಿಲ್ಲ.

ಮಾಂಗಲ್ಯಧಾರಣೆ ಮುಗಿದದ್ದೇ ಜ್ಯೋತ್ಸ್ನಾ ಹಾರ ಹಾಕಿಕೊಂಡೇ ಅಡಿಗೆಮನೆಗೆ ಓಡಿದಳು, ಹಿಂದೆ ಕಶ್ಯಪ್. "ಕೆಂಪಮ್ಮಾ" ಎಂದಳು. ಮುಂದೆ ಹೇಳಬೇಕೆಂದುಕೊಂಡದ್ದು ಅವಳಿಗೆ ಕನ್ನಡದಲ್ಲೂ ಬರಲಿಲ್ಲ, ಇಂಗ್ಲಿಷಿನಲ್ಲೂ ಬರಲಿಲ್ಲ. ಕೆಂಪಮ್ಮ ಒದ್ದೆ ಕೈಯಲ್ಲೇ ಅವಳ ಎರಡೂ ಕೆನ್ನೆ ನೀವಿ ನೆಟಿಕೆ ಮುರಿದಳು. ಅವತ್ತು ಹೋಟೆಲಿನಲ್ಲಿ ಅಳದವಳು ಆಗ ಅತ್ತಳು. ನಾನು ಅಲ್ಲಿಂದ ಹೊರಗೆ ಬಂದುಬಿಟ್ಟೆ, ಕೆಲವನ್ನು ನಿಂತು ನೋಡಬಾರದು.

ಕೊನೆಯ ಪಂಕ್ತಿಯಲ್ಲಿ ಆಂಟಿ ಕೂತಾಗ ಬಡಿಸಲು ಕೆಂಪಮ್ಮನೇ ಬಂದಳು. ಅನ್ನ ಹಾಕಿದಳು, ಹುಳಿ ಹಾಕಿದಳು, ತುಪ್ಪ ಒಂದು ಮಿಳ್ಳೆ ಜಾಸ್ತಿಯೇ ಹಾಕಿದಳು. ಆಂಟಿ ಅವಳ ಮುಂಗೈ ಹಿಡಿದುಕೊಂಡರು.

"ಮನೆಗೆ ಬಾ ಕೆಂಪಕ್ಕ. ಹಿಲ್ಸ್‌ಬರೋ ಮನೆ ನೀನು ನೋಡ್ಲೇ ಇಲ್ಲ. ಬರುವ ವಾರ ಬಾ, ಕಲಾ ಕರ್ಕೊಂಡು ಬರ್ತಾಳೆ."

"ಕರೀಬ್ಯಾಡ" ಎಂದಳು ಕೆಂಪಮ್ಮ. ಸಿಟ್ಟಿನಿಂದ ಹೇಳಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. "ನಂಗೆ ಬರ್ಬೇಕು ಅನ್ನುಸ್ದಾಗ ನಾನೇ ಬತ್ತೀನಿ. ಉಣ್ಣು, ಆರೋಯ್ತದೆ."

ಇದಾಗಿ ಒಂದು ಚಳಿಗಾಲ ಕಳೆಯಿತು. ಗಂಡಸರ ವಿಷಯ ಹೇಳುವುದಾದರೆ, ಅವರಿಬ್ಬರೂ ಈಗ ದಿನಾ ಫೋನಿನಲ್ಲಿ ಜಗಳವಾಡುತ್ತಾರೆ, ಸ್ಟೇಟನ್ ಐಲ್ಯಾಂಡಿನಲ್ಲಿ ಒಟ್ಟಿಗೆ ಹೋಟೆಲು ಹಾಕುವ ಮಾತೂ ನಡೆದಿದೆ. ಮೊನ್ನೆ ಆಂಟಿಗೆ ಫೋನ್ ಮಾಡಿ, ಮಂಗಳವಾರ ನನಗೆ ರಜೆ, ಹೊರಗೆ ಊಟಕ್ಕೆ ಹೋಗೋಣವೇ ಎಂದು ಕೇಳಿದೆ. ಬುಧವಾರ ಹೋಗುವ ಎಂದರು. ಬುಧವಾರ ನನಗೆ ಆಫೀಸು ಎಂದೆ. ಹಾಗಾದರೆ ಇನ್ನೊಮ್ಮೆ ಎಂದರು. ಕೆಂಪಮ್ಮ ಬಂದಿದ್ದಳೇ ಎಂದು ಕೇಳಿದೆ.

"ಇನ್ನೂ ಇಲ್ಲ" ಎಂದರು. "ಬಂದ್ರೆ ಬಂದಾಳು, ಬರದಿದ್ರೆ ಅದೂ ಅವಳ ಇಷ್ಟವೇ. ನಾನು ಕೇಳ್ಲಿಕ್ಕಿಲ್ಲ, ಫೋನೂ ಮಾಡ್ಲಿಕ್ಕಿಲ್ಲ. ಅವರ ಹೋಟೆಲಿಗೆ ರಜೆ ಮಂಗಳವಾರ ಅಲ್ವಾ ಕಲಾ? ಅದಕ್ಕೆ ಮಂಗಳವಾರ ನಾನು ಎಲ್ಲಿಗೂ ಹೋಗುದಿಲ್ಲ."